ಟೀಚರಮ್ಮನಿಗೆ ಓದಿ ಒಪ್ಪಿಸಿದ್ದು

ಅಮೆರಿಕದಲ್ಲಿ ನನಗೆ ನಿಜವಾದ ಗೌರವ ಹುಟ್ಟಿಸಿದ ಸಂಸ್ಥೆ ಯಾವುದೆಂದು ಯಾರಾದರೂ ಕೇಳಿದರೆ, ಡ್ರೈವ್-ಥ್ರೂ ಎಂದು ಹೇಳುತ್ತೇನೆ. ನಗಬೇಡಿ. ಕಾರಿನಿಂದ ಇಳಿಯದೆ ತಿಂಡಿ ಕೊಳ್ಳುವ ಆ ಸಾಲಿನಲ್ಲಿ ಒಂದು ಕಂಬ ಇರುತ್ತದೆ, ಕಂಬಕ್ಕೊಂದು ಸ್ಪೀಕರು. ನಾವು ಕಿಟಕಿಯಿಂದ ಕತ್ತು ಚಾಚಿ ನಮ್ಮ ಅಭೀಷ್ಟಗಳನ್ನು ನಿವೇದಿಸಿಕೊಳ್ಳುತ್ತೇವೆ: ಈರುಳ್ಳಿ ಇರಲಿ, ಮಾಂಸ ಬೇಡ, ಚೀಸ್ ಒಂದಕ್ಕೆ ಮಾತ್ರ, ಇತ್ಯಾದಿ. ಸ್ಪೀಕರು ಅಷ್ಟನ್ನೂ ನಮಗೇ ತಿರುಗಿ ಓದಿ ಒಪ್ಪಿಸುತ್ತದೆ. ನಾವು ಸರಿ ಎಂದ ಮೇಲೆಯೇ ಮುಂದಿನ ಕಿಟಕಿಗೆ ಹೋಗಲು ಅಪ್ಪಣೆ. ನನ್ನ ಆಫೀಸಿನ ಯಾವ ಮೀಟಿಂಗಿನಲ್ಲೂ ಕಾಣದ ಈ ಶಿಸ್ತನ್ನು ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಚೂಯಿಂಗ್ ಗಮ್ ಜಗಿಯುತ್ತಲೇ ಪಾಲಿಸುವುದನ್ನು ಕಂಡು ನಾನು ಸ್ಟೀರಿಂಗಿನ ಮೇಲೆಯೇ ತಲೆಬಾಗುತ್ತೇನೆ. ಹಿಂದಿನ ಕಾರಿನವನು ಹಾರ್ನ್ ಮಾಡುತ್ತಾನೆ. ಹಿಂದಿನ ಸೀಟಿನಿಂದ ನನ್ನ ಮಗ, "ಅಪ್ಪಾ, ಪ್ಲೀಸ್, ಜಸ್ಟ್ ಡ್ರೈವ್," ಎನ್ನುತ್ತಾನೆ.

ನನಗೂ ಈ ಅಭ್ಯಾಸ ಉಂಟು. ಯಾರು ಏನೇ ಹೇಳಲಿ, ನಾನದನ್ನು ತಿರುಗಿ ಒಪ್ಪಿಸದೆ ಬಿಡುವವನಲ್ಲ. ಬರ್ಬ್ಯಾಂಕಿನಲ್ಲಿರುವ ಸ್ನೇಹಿತರೊಬ್ಬರು ಮನೆಗೆ ದಾರಿ ಹೇಳಿದರೆ ಅಷ್ಟೂ ತಿರುವುಗಳನ್ನು ಅವರಿಗೇ ವಾಪಸ್ ಹೇಳುತ್ತೇನೆ. ದಂತವೈದ್ಯೆ ಯಾವ ಹಲ್ಲು ಕೀಳುತ್ತೇನೆಂದು ಹೇಳಿದ್ದನ್ನು, ಬಾಯಿ ತೆರೆದಿದ್ದಾಗಲೂ, ಆದಷ್ಟು ಸ್ಪಷ್ಟವಾಗಿ ಒಪ್ಪಿಸಿದ್ದೇನೆ. ಇದರ ಫಲವಾಗಿ ಇಲ್ಲಿನ ಕನ್ನಡಿಗರಲ್ಲಿ ನನಗೆ ಕಿವಿ ಮಂದ ಎಂಬ ಸುದ್ದಿ ಸ್ಯಾನ್ ಡಿಯಾಗೋದಿಂದ ಸ್ಯಾಂಟಾ ಕ್ಲಾರಿಟಾದವರೆಗೂ ಹಬ್ಬಿ, ಯುಗಾದಿ ಊಟದಲ್ಲಿ ಮಹನೀಯರೊಬ್ಬರು ನನ್ನ ಕಿವಿಗೆ ಬಾಯಿಟ್ಟು, "ಒಬ್ಬಟ್ಟಿಗೆ ತುಪ್ಪ ಬೇಕಾ," ಎಂದು ಇಡೀ ಹಾಲ್ ತಿರುಗಿ ನೋಡುವ ಹಾಗೆ ಕೇಳಿದರು. ಬೇಕು ಎಂದೆ. ತುಪ್ಪದ ವಿಷಯದಲ್ಲಿ ಮಾನಾಪಮಾನ ನೋಡಬಾರದು.

ಈ ಚಟ ನನಗೆ ಬಂದದ್ದು ಒಬ್ಬ ಹೆಂಗಸಿನಿಂದ. ಅವರು ತೀರಿಕೊಂಡು ಒಂಬೈನೂರು ವರ್ಷಗಳ ಮೇಲಾಯಿತು. ಮಧ್ಯ ಏಷ್ಯಾದ ಮರ್ವ್ ಎಂಬ ಊರಿನ ಕಡೆಯವರು. ಬಾಳಿದ್ದು, ಪಾಠ ಹೇಳಿದ್ದು ಮೆಕ್ಕಾದಲ್ಲಿ. ಮೈಸೂರಿನ ಅಗ್ರಹಾರದಲ್ಲಿ ಬೆಳೆದು, ಟೆಲಿಕಾಂ ಕಂಪನಿಯಲ್ಲಿ ಸಿಗ್ನಲ್ಲುಗಳ ಜೊತೆ ಸಂಸಾರ ಮಾಡಿಕೊಂಡಿದ್ದ ನನಗೂ ಆ ಪೂಜ್ಯರಿಗೂ ಎತ್ತಣ ಸಂಬಂಧ ಎಂದು ನೀವು ಹುಬ್ಬೇರಿಸುವುದು ಸಹಜ. ನಮ್ಮಿಬ್ಬರ ನಡುವೆ ನಸೀಮಾ ಇದ್ದಾಳೆ.

ನಸೀಮಾ ಬಿಜಾಪುರದವಳು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಕನ್ನಡಿಗರ ಪಿಕ್‌ನಿಕ್ಕಿನಲ್ಲಿ, ಮೊಸರನ್ನದ ಸಾಲಿನಲ್ಲಿ ನಿಂತು ಯಾರಿಗೋ "ತಡೀರಿ, ನಂದೂ ಪಾಳಿ ಐತಿ" ಎಂದಳು. ನನ್ನ ಹೆಂಡತಿ ವತ್ಸಲಾ ಬಾಗಲಕೋಟೆಯವಳು. ಬೆಂಗಳೂರು ಕನ್ನಡದ ಆ ಮಹಾಸಾಗರದ ನಡುವೆ ತನ್ನ ಕಡೆಯ ದನಿ ಕೇಳಿದ್ದೇ ತಡ, ಕೈಯಲ್ಲಿದ್ದ ತಟ್ಟೆಯನ್ನು ನನಗೆ ಹಿಡಿಸಿ ಹುಲ್ಲುಹಾಸನ್ನು ಅಡ್ಡ ದಾಟಿ ಓಡಿದಳು. ಅಂದು ನಸೀಮಾಗೆ ಒಬ್ಬ ಆಂಟಿ ಸಿಕ್ಕಳು. ನನ್ನ ಶನಿವಾರಗಳು ಹೋದವು.

ಅಲ್ಲಿಂದಾಚೆ ತಿಂಗಳಿಗೊಮ್ಮೆಯಾದರೂ ಅವಳು ಸಮುದ್ರದ ಪಕ್ಕ ಸಾಗುವ ರೈಲಿನಲ್ಲಿ ಸ್ಯಾನ್ ಡಿಯಾಗೋಗೆ ಬರುವುದು, ನಾನು ಸ್ಟೇಷನ್ನಿಗೆ ಹೋಗಿ ಕರೆತರುವುದು, ವತ್ಸಲಾ ಜೋಳದ ರೊಟ್ಟಿ ಬಡಿಯುವುದು ನಡೆಯಿತು. ವತ್ಸಲಾ ಟೊರ್ರಿ ಪೈನ್ಸ್‌ನ ಲ್ಯಾಬೊಂದರಲ್ಲಿ ವಾರವೆಲ್ಲ ಜೀವಕೋಶಗಳನ್ನು ಸಾಕುವವಳು. ಶನಿವಾರ ನಮ್ಮನ್ನು ಸಾಕುತ್ತಿದ್ದಳು. ನಸೀಮಾಳ ಚೀಲದಲ್ಲಿ ಬಟ್ಟೆ ಕಡಿಮೆ, ಪುಸ್ತಕ ಜಾಸ್ತಿ. ಅದನ್ನು ಎತ್ತಿ ಎತ್ತಿ ನನ್ನ ಬಲಭುಜಕ್ಕೆ ಆದ ಗತಿಯನ್ನು ಇಸ್ಲಾಮೀ ವಿದ್ವತ್ತಿಗೆ ನನ್ನ ಪ್ರಥಮ ಕಾಣಿಕೆ ಎಂದು ಭಾವಿಸಿದ್ದೇನೆ.

ಆ ಪುಸ್ತಕಗಳೆಲ್ಲ ಹದೀಸಿನವು. ಪ್ರವಾದಿಯವರು ಹೀಗೆ ನುಡಿದರು, ಹೀಗೆ ನಡೆದರು ಎಂಬ ವರದಿಗೆ ಹದೀಸ್ ಎನ್ನುತ್ತಾರೆ. ಅದರ ವಿಶೇಷವೆಂದರೆ ವರದಿಗಿಂತ ಮೊದಲು ಅದನ್ನು ಹೇಳಿದವರ ಸರಪಳಿ ಬರುತ್ತದೆ: ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಎಂದು ಹಿಂದೆ ಹಿಂದೆ ಹೋಗುತ್ತಾ. ಒಂದು ಕೊಂಡಿ ಕಳಚಿದರೂ ಮಾತಿನ ಬೆಲೆ ಇಳಿಯಿತು. ನಮ್ಮ ಪಾಟ್‌ಲಕ್ಕುಗಳಲ್ಲಿ ಓಡಾಡುವ ಸುದ್ದಿಗಳಿಗೆ ಈ ನಿಯಮ ಹಚ್ಚಿದರೆ ಎಲ್ಲರೂ ಮೌನವಾಗಿ ಊಟ ಮಾಡಿ ಎದ್ದು ಹೋಗಬೇಕಾದೀತು.

ನಸೀಮಾ ಬರೆಯುತ್ತಿದ್ದದ್ದು ಆ ಮೆಕ್ಕಾದ ವಿದುಷಿಯ ಬಗ್ಗೆ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ತಂದೆ, ತಾತ, ಊರು ಎಲ್ಲ ಸೇರಿದ ಉದ್ದನೆಯ ಹೆಸರು. ಅದನ್ನು ನನ್ನ ನಾಲಗೆಯ ಮೇಲೆ ತಿದ್ದಿ ತಿದ್ದಿ ನಸೀಮಾ ಸೋತಳು. ಸರಿಯಾಗಿ ಒಪ್ಪಿಸಲಾಗದ್ದನ್ನು ಮುಂದಕ್ಕೆ ದಾಟಿಸಬಾರದೆಂಬುದು ಆ ತಾಯಿಯದೇ ಶಾಸನ. ಆದ್ದರಿಂದ ಮನೆಯಲ್ಲಿ ಕರೆಯುತ್ತಿದ್ದ ಹಾಗೆ ಟೀಚರಮ್ಮ ಎಂದೇ ಕರೆಯುತ್ತೇನೆ.

ಟೀಚರಮ್ಮ ಮದುವೆಯಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಮನ್ನಣೆಯ ಹದೀಸ್ ಸಂಗ್ರಹವೊಂದನ್ನು ಅದರ ಹೆಸರಾಂತ ಗುರುವೊಬ್ಬರಿಂದ ಕೇಳಿ ಬರೆದುಕೊಂಡಿದ್ದರು. ಹಜ್ ಯಾತ್ರೆಗೆ ಬಂದ ಘನ ವಿದ್ವಾಂಸರೆಲ್ಲ, ದೂರದ ಸ್ಪೇನಿನ ಕಡೆಯವರೂ, ಇವರ ಎದುರು ಕೂತು ಆ ಪುಸ್ತಕ ಓದಿ ಹೋಗುತ್ತಿದ್ದರಂತೆ. ಇವರು ಅತಿ ಕಟ್ಟುನಿಟ್ಟು. ಒಬ್ಬ ಶಿಷ್ಯ ಬಂದ. ಟೀಚರಮ್ಮ ತಮ್ಮ ಪ್ರತಿಯನ್ನು ಅವನ ಮುಂದಿಟ್ಟರು. ಅವನು ಕೆಲವು ಹಾಳೆ ನಕಲು ಮಾಡಿಕೊಂಡು, ತಾಳೆ ನೋಡುವ ಕೆಲಸ ತಾನೊಬ್ಬನೇ ಮಾಡಿಕೊಳ್ಳುತ್ತೇನೆ ಎಂದ. ಇವರು ಒಪ್ಪಲಿಲ್ಲ, ನನ್ನ ಜೊತೆ ಕೂತು ಓದಿ ತಾಳೆ ನೋಡಿದ ಹೊರತು ಆಗದು ಎಂದರು. ಅವನು ಕೂತು ಓದಿದ. ಕಥೆ ಇಷ್ಟೇ. ಆದರೆ ಇದನ್ನು ಹೇಳುವಾಗ ನಸೀಮಾಳ ಮುಖದಲ್ಲಿ, ತನ್ನ ಊರಿನವರು ಕ್ರಿಕೆಟ್ ಗೆದ್ದ ಸುದ್ದಿ ಹೇಳುವವಳ ಕಳೆ ಇರುತ್ತಿತ್ತು.

ಈ ಪದ್ಧತಿ ಅವಳ ಪುಸ್ತಕಗಳಿಂದ ಹೊರಬಂದು ಮೊದಲು ನಮ್ಮ ಅಡುಗೆಮನೆಗೆ ನುಗ್ಗಿತು. ವತ್ಸಲಾ ಫೋನಿನಲ್ಲಿ ಶೇಂಗಾ ಹೋಳಿಗೆ ಹೇಳಿಕೊಟ್ಟರೆ, ನಸೀಮಾ ಲಾಸ್ ಏಂಜಲೀಸಿನಿಂದ ಅದಷ್ಟನ್ನೂ ಒಪ್ಪಿಸಿ, ಆಂಟಿಯಿಂದ "ಹೂಂ, ಇನ್ನ ನೀ ಯಾರಿಗರ ಹೇಳಬಹುದು" ಎಂಬ ಪರವಾನಗಿ ಪಡೆದೇ ಫೋನ್ ಇಡುತ್ತಿದ್ದಳು. ನಾನು ಗೇಲಿ ಮಾಡಿದೆ. ಗೇಲಿಗಾಗಿಯೇ ನಾನೂ ಅಂಗಡಿ ಸಾಮಾನುಗಳನ್ನು ಓದಿ ಒಪ್ಪಿಸತೊಡಗಿದೆ. ವಿಚಿತ್ರವೆಂದರೆ, ಕೊತ್ತಂಬರಿಯ ಬದಲು ಪಾರ್ಸ್ಲಿ ತರುವ ನನ್ನ ಬಹುಕಾಲದ ಸಂಪ್ರದಾಯ ಅದರಿಂದ ನಿಂತುಹೋಯಿತು. ಗೇಲಿ ಮಾಡಲು ಹೋಗಿ ಭಕ್ತನಾದವರಲ್ಲಿ ನಾನು ಮೊದಲಿಗನಲ್ಲ.

ಹಾಗೆ ನೋಡಿದರೆ ನನಗಿದು ತೀರ ಹೊಸದೂ ಅಲ್ಲ. ನಮ್ಮ ಪ್ರೈಮರಿ ಶಾಲೆಯಲ್ಲಿ ಉಕ್ತಲೇಖನ ಇತ್ತು. ಮೇಷ್ಟ್ರು ಹೇಳಿದ್ದನ್ನು ಬರೆದು, ಪಕ್ಕದವನ ಜೊತೆ ಸ್ಲೇಟು ಬದಲಾಯಿಸಿಕೊಂಡು ತಿದ್ದಬೇಕು. ನನ್ನ ಪಕ್ಕದವನಿಗೂ ನನಗೂ ಪರಸ್ಪರ ಶಾಂತಿ ಒಪ್ಪಂದ ಇದ್ದುದರಿಂದ ನಮ್ಮಿಬ್ಬರಲ್ಲಿ ತಪ್ಪೇ ಇರುತ್ತಿರಲಿಲ್ಲ. ನಿಜವಾದ ತಾಳೆ ನೋಡುವವರು ನಮ್ಮಜ್ಜಿ. ಮನೆಯಲ್ಲಿ ಸತ್ಯನಾರಾಯಣನ ಕಥೆ ಓದಿಸುವಾಗ ಪುರೋಹಿತರಿಗೆ ಮುಂದಿನ ಮನೆಯ ಅವಸರ. ಎಲ್ಲಾದರೂ ನಾಲ್ಕು ಸಾಲು ಹಾರಿಸಿದರೋ, ಒಲೆಯ ಮುಂದೆ ಸಜ್ಜಿಗೆ ಕೆದಕುತ್ತಿದ್ದ ಅಜ್ಜಿ ಒಂದು ಸಲ ಕೆಮ್ಮುತ್ತಿದ್ದರು. ಪುರೋಹಿತರು ತಲೆಯೆತ್ತದೆ ಹಿಂದಕ್ಕೆ ಹೋಗಿ ಆ ನಾಲ್ಕು ಸಾಲು ಓದುತ್ತಿದ್ದರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಕಿವಿ ಬರುತ್ತಿತ್ತು.

ಕಿವಿಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಆ ಕಾಲದ ಹದೀಸ್ ಪಾಠಗಳಲ್ಲಿ ಯಾರು ಓದಿದರು, ಯಾರೆಲ್ಲ ಕೂತು ಕೇಳಿದರು ಎಂದು ಪುಸ್ತಕದ ಕೊನೆಗೆ ಬರೆದಿಡುತ್ತಿದ್ದರಂತೆ. ತಡವಾಗಿ ಬಂದವರು ಯಾರು, ಹರಟಿದವರು ಯಾರು, ತೂಕಡಿಸಿದವರು ಯಾರು ಎಂಬುದನ್ನೂ ಕೆಲವೊಮ್ಮೆ ದಾಖಲಿಸುತ್ತಿದ್ದರಂತೆ. ನಸೀಮಾ ತನ್ನ ಮೊದಲ ಅಧ್ಯಾಯವನ್ನು ನಮ್ಮ ಊಟದ ಮೇಜಿನ ಮುಂದೆ ಓದಿದ ದಿನ, ಯಾವ ಪುಟದಿಂದ ಯಾವ ಪುಟದವರೆಗೆ ನಾನು ನಿದ್ದೆಯಲ್ಲಿದ್ದೆ ಎಂದು ಹೇಳಿ ಈ ಸಂಗತಿ ತಿಳಿಸಿದಳು. ಬಿಸಿಬೇಳೆ ಭಾತ್ ತಿಂದ ಮೇಲಿನ ಶ್ರವಣಕ್ಕೆ ರಿಯಾಯಿತಿ ಇರಬೇಕು ಎಂದು ವಾದಿಸಿದೆ. ಇಲ್ಲವಂತೆ.

ಎರಡು ಸಾವಿರದ ಹನ್ನೊಂದರ ವಸಂತದ ಹೊತ್ತಿಗೆ ನಗು ಸ್ವಲ್ಪ ಕಡಿಮೆಯಾಯಿತು. ನಸೀಮಾಳ ಸ್ಕಾಲರ್‌ಶಿಪ್ ಆ ಟರ್ಮಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಥೀಸಿಸ್ ಒಪ್ಪಿಸಿ, ಪರೀಕ್ಷಕರ ಕಮಿಟಿಯ ಮುಂದೆ ಅದನ್ನು ಸಮರ್ಥಿಸುವ ಡಿಫೆನ್ಸ್ ಮುಗಿಸದಿದ್ದರೆ ವೀಸಾ ಕೂಡ ಮುಗಿದು, ಇಷ್ಟು ವರ್ಷದ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೊರಡಬೇಕು. ಗೈಡ್ ಒಳ್ಳೆಯವರು. ಆದರೆ ಕಮಿಟಿಯಲ್ಲಿ ಒಬ್ಬ ಹಿರಿಯ ಪ್ರೊಫೆಸರ್ ಇದ್ದರು. ಅವರದು ಒಂದೇ ಹಟ: ಈ ಹೆಂಗಸು ಸರಪಳಿಯಲ್ಲಿ ಬರುವ ಒಂದು ಹೆಸರು, ಅಷ್ಟೆ, ಆಕೆಯ ಬಳಿ ಒಳ್ಳೆಯ ಪ್ರತಿ ಇತ್ತು, ಜನ ಬಂದು ನೋಡಿಕೊಂಡು ಹೋದರು, ಕೂತು ಓದಿಸಿದ್ದರಿಂದ ಏನು ವ್ಯತ್ಯಾಸವಾಯಿತು ಎಂದು ತೋರಿಸಿ ಎನ್ನುತ್ತಿದ್ದರು. ನಸೀಮಾ ಎಷ್ಟು ಉತ್ತರ ಕೊಟ್ಟರೂ ಅವರಿಗೆ ಸಾಲುತ್ತಿರಲಿಲ್ಲ. ಮತ್ತೆ ಬರೆಯಿರಿ ಎಂದು ಅವರೊಬ್ಬರು ಹೇಳಿದರೆ ಮುಗಿಯಿತು.

ಸೋಮವಾರ ಥೀಸಿಸ್ ಕಮಿಟಿಗೆ ಹೋಗಬೇಕು. ಶನಿವಾರ ನಸೀಮಾ ಪ್ರಿಂಟ್ ಹೊತ್ತು ನಮ್ಮಲ್ಲಿಗೆ ಬಂದಳು. ಕಣ್ಣು ಒಳಗೆ ಹೋಗಿತ್ತು. ಊಟ ಮಾಡಿ ಮಲಗುತ್ತೇನೆ, ಎಲ್ಲ ಮುಗಿದಿದೆ ಎಂದಳು. ತಾಳೆ ನೋಡಿದ್ದಾಯಿತೇ ಎಂದು ನಾನು ವಾಡಿಕೆಯ ಗೇಲಿಯಲ್ಲೇ ಕೇಳಿದೆ.

"ನಾ ಒಬ್ಬಾಕೀನ ಕುಂತು ನೋಡೀನ್ರಿ ಅಂಕಲ್. ಸಾಕು."

ಆ ಕ್ಷಣದಲ್ಲಿ ನನ್ನ ಮೈಮೇಲೆ ಟೀಚರಮ್ಮ ಬಂದರೆಂದೇ ಹೇಳಬೇಕು. ಬೆನ್ನು ನೆಟ್ಟಗೆ ಮಾಡಿ, ಮೇಜಿನ ಮೇಲಿದ್ದ ಹೋಳಿಗೆಯ ಡಬ್ಬಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ನಮ್ಮ ಜೊತೆ ಕೂತು ಓದದೆ ಹೋಳಿಗೆ ಇಲ್ಲ."

"ಅಂಕಲ್, ಚಾಷ್ಟಿ ಮಾಡಬ್ಯಾಡ್ರಿ. ನನಗ ನಿದ್ದಿ ಬರಾಕತ್ತೈತಿ."

"ತೂಕಡಿಸಿದರೆ ಬರೆದಿಡ್ತೀವಿ."

ಅವಳು ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಚೀಲದಿಂದ ತನ್ನ ಕೈಬರಹದ ಮೂಲವನ್ನು ತೆಗೆದಳು. ನಾನು ಪ್ರಿಂಟನ್ನು ಗಟ್ಟಿಯಾಗಿ ಓದುವುದು, ಅವಳು ಮೂಲದ ಮೇಲೆ ಬೆರಳಿಟ್ಟು ಹೂಂ ಎನ್ನುತ್ತಾ ಬರುವುದು ಎಂದಾಯಿತು. ನನ್ನ ಇಂಗ್ಲಿಷ್ ಉಚ್ಚಾರಣೆ ಮೈಸೂರಿನಲ್ಲಿ ಕಟ್ಟಿದ್ದು, ಗಟ್ಟಿ ಸಾಮಾನು. ಯಾವ ಅಕ್ಷರವೂ ಅದರಲ್ಲಿ ನುಸುಳಿಹೋಗಲಾರದು. ಅರಬ್ಬೀ ಹೆಸರುಗಳ ಮಾತು ಬೇರೆ. ಆ ಹೆಸರಿನವರಲ್ಲಿ ಹಲವರು ನನ್ನ ಬಾಯಲ್ಲಿ ಧಾರವಾಡದ ಕಡೆಯವರಾದರು.

ಮಧ್ಯಾಹ್ನವೆಲ್ಲ ಓದಿದೆವು. ಹೊರಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಒಳಗೆ ವತ್ಸಲಾ ರಾತ್ರಿಯ ರೊಟ್ಟಿಗೆ ಕೂತಿದ್ದಳು. ಪಟಪಟ ಸದ್ದು ನಮ್ಮ ಓದಿಗೆ ತಾಳ ಹಾಕುತ್ತಿತ್ತು. ಮುಖ್ಯ ಅಧ್ಯಾಯಕ್ಕೆ ಬಂದೆವು. ಇಡೀ ಥೀಸಿಸ್ಸಿಗೆ ಜೀವವಾದ ಸರಪಳಿ ಅಲ್ಲಿತ್ತು: ಇಂಥವರು ಹೇಳಿದರು ತಮಗೆ ಇಂಥವರು ಹೇಳಿದರೆಂದು, ಅವರು ಹೇಳಿದರು ತಮಗೆ ಇಂಥವರು ಹೇಳಿದರೆಂದು. ಓದುತ್ತಾ ಹೋದವನು ಥಟ್ಟನೆ ನಿಂತೆ. ಏನೋ ತಪ್ಪಿದೆ ಎಂದು ಮನಸ್ಸಿಗೆ ಹೊಳೆಯಿತು. ರೊಟ್ಟಿಯ ಸದ್ದೂ ನಿಂತಿತ್ತು. ಹಿಂದಕ್ಕೆ ಹೋಗಿ ಮತ್ತೆ ಓದಿದೆ. ನಸೀಮಾ ಮೂಲ ನೋಡಿದಳು, ಪ್ರಿಂಟ್ ನೋಡಿದಳು, ನನ್ನ ಕೈಯಿಂದ ಹಾಳೆಯನ್ನೇ ಕಿತ್ತುಕೊಂಡಳು.

ಟೀಚರಮ್ಮ ಇರಲಿಲ್ಲ. ಅವರ ಶಿಷ್ಯರು ಇದ್ದರು, ಅವರ ಗುರುಗಳು ಇದ್ದರು, ನಡುವೆ ಅವರೊಬ್ಬರೇ ಮಾಯ. ಟೈಪ್ ಮಾಡುವಾಗ ಒಂದು "ಹೇಳಿದರು" ಮುಗಿಸಿದ ಕಣ್ಣು ಮುಂದಿನ "ಹೇಳಿದರು" ಮೇಲೆ ಹೋಗಿ ಕೂತಿತ್ತು. ನಡುವಿನ ಸಾಲು ಹಾರಿಹೋಗಿತ್ತು. ಒಬ್ಬಳೇ ತಾಳೆ ನೋಡಿದಾಗಲೂ ಅದೇ ಕಣ್ಣು, ಅದೇ ಜಾಗದಲ್ಲಿ, ಅದೇ ಹಾರಿಕೆ. ಆಕೆ ಬರೀ ಒಂದು ಹೆಸರು ಎನ್ನುತ್ತಿದ್ದ ಪ್ರೊಫೆಸರರ ಮುಂದೆ, ಸರಪಳಿಯಲ್ಲಿ ಆಕೆಯ ಹೆಸರೇ ಇಲ್ಲದ ಥೀಸಿಸ್ ಹೋಗುವುದರಲ್ಲಿತ್ತು.

ನಸೀಮಾ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ನಗತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೆ.

"ಒಂಬೈನೂರು ವರ್ಷ ಯಾರಿಗೂ ಆಕೀನ್ನ ತೆಗಿಲಿಕ್ಕೆ ಆಗಿದ್ದಿಲ್ರಿ. ನಾ ತೆಗದು ಬಿಟ್ಟಿದ್ದೆ."

ಡಬ್ಬಿ ಅವಳ ಕಡೆಗೆ ತಳ್ಳಿದೆ. ಉಳಿದದ್ದನ್ನು ಭಾನುವಾರ ಸಂಜೆಯವರೆಗೂ ಓದಿದೆವು. ಇನ್ನೇನೂ ಸಿಗಲಿಲ್ಲ, ನಾನು ಬೀಳಿಸಿದ ಎರಡು ತೊಟ್ಟು ತುಪ್ಪ ಬಿಟ್ಟರೆ.

ಡಿಫೆನ್ಸಿನ ದಿನ ಆ ಪ್ರೊಫೆಸರ್ ನಿರೀಕ್ಷೆಯಂತೆಯೇ ಕೇಳಿದರಂತೆ, ಕೂತು ಓದಿಸಿದ್ದರಿಂದ ಏನು ವ್ಯತ್ಯಾಸ ಎಂದು. ನಸೀಮಾ ಸಿದ್ಧಪಡಿಸಿಕೊಂಡಿದ್ದ ಉತ್ತರ ಬಿಟ್ಟು ಸ್ಯಾನ್ ಡಿಯಾಗೋದ ಊಟದ ಮೇಜಿನ ಕಥೆ ಹೇಳಿದಳಂತೆ. ತಾನೇ ಬರೆದದ್ದು, ತಾನೇ ತಾಳೆ ನೋಡಿದ್ದು, ಆದರೂ ಇನ್ನೊಬ್ಬರ ಕಿವಿಗೆ ಬಿದ್ದ ಮೇಲೆಯೇ ಆ ಹೆಸರು ವಾಪಸ್ ಬಂದದ್ದು. ಪ್ರೊಫೆಸರ್ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರಂತೆ. ಆಮೇಲೆ, ತಮ್ಮ ಮೊದಲ ಪುಸ್ತಕವನ್ನೂ ಹೀಗೆ ಯಾರಿಗಾದರೂ ಓದಬೇಕಿತ್ತು ಎಂದರಂತೆ. ಸಂಜೆ ಫೋನ್ ಬಂತು. "ಅಂಕಲ್, ಪಾಸಾದೆ," ಎಂದಳು. ನಾನು, "ನೀನು ಪಾಸಾದೆ," ಎಂದು ಒಪ್ಪಿಸಿದೆ. "ಸರಿ ಐತ್ರಿ," ಎಂದಳು.

ಈಗ ಎರಡು ಸಾವಿರದ ಹತ್ತೊಂಬತ್ತು. ನಸೀಮಾ ಬೇರೆ ರಾಜ್ಯದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅವಳ ವಿದ್ಯಾರ್ಥಿಗಳು ಬರೆದದ್ದನ್ನು ಅವಳ ಎದುರು ಕೂತು ಓದಬೇಕಂತೆ, ಅದಕ್ಕಾಗಿ ಅವಳಿಗೆ ಹೆದರುತ್ತಾರಂತೆ. ಕೇಳಿ ನನಗೆ ಮೊಮ್ಮಕ್ಕಳಾದಷ್ಟು ಸಂತೋಷವಾಯಿತು. ಊಟದ ಮೇಜಿನ ಕಥೆಯನ್ನಂತೂ ನಾನು ಈ ಎಂಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತದ್ದು ಈಗ. ಬರೆದ ಮೇಲೆ ನಿಯಮದ ಪ್ರಕಾರ ನಸೀಮಾಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅದೇ ಮೇಜಿನ ಮೇಲಿಟ್ಟು ಓದತೊಡಗಿದೆ. ಅವಳು ಹೂಂ ಎನ್ನುತ್ತಾ ಬಂದಳು. "ಥಟ್ಟನೆ ನಿಂತೆ" ಎಂಬಲ್ಲಿ ಹೂಂ ಬರಲಿಲ್ಲ.

"ತಡೀರಿ ಅಂಕಲ್. ಹೋಳಿಗಿ ಡಬ್ಬಿ ಎಳಕೊಂಡವರು ನೀವ, ಅದು ಖರೆ. ನಿಂತವರು ನೀವಲ್ಲ."

"ಮತ್ತೆ?"

"ನೀವು ಓದ್ಕೋತ ಮುಂದ ಹೊಂಟಿದ್ರಿ. ನಾನೂ ಹೂಂ ಅನ್ಕೋತ ಕುಂತಿದ್ದೆ. ಒಳಗಿಂದ ಆಂಟಿ ಕೇಳಿದ್ರು, ಟೀಚರಮ್ಮ ಎಲ್ಲಿ ಹೋದ್ರು ಅಂತ."

ರೊಟ್ಟಿಯ ಸದ್ದು. ಮೊದಲು ನಿಂತದ್ದು ಅದು, ನಾನು ಆಮೇಲೆ. ಎರಡು ವರ್ಷ ಶನಿವಾರ ಶನಿವಾರ ಆ ಸರಪಳಿಯನ್ನು ಕೇಳಿ ಕೇಳಿ ವತ್ಸಲಾಗೆ ಅದು ಹಾಡಿನ ಹಾಗೆ ಬರುತ್ತಿತ್ತು, ಒಂದು ಸಾಲು ಬಿಟ್ಟರೆ ಹಿಟ್ಟಿನ ಕೈ ನಿಲ್ಲುವಷ್ಟು. ಅಜ್ಜಿಯ ಕೆಮ್ಮನ್ನು ನೆನಪಿಟ್ಟುಕೊಂಡು, ಬರೆದು ಕೂಡ, ನಾನು ಇದನ್ನು ಹಾರಿಸಿದ್ದೆ.

ಮೇಲಿನ ಸಾಲುಗಳನ್ನು ತಿದ್ದಿಬಿಡುತ್ತೇನೆ ಎಂದೆ. ನಸೀಮಾ ಬೇಡ ಎಂದಳು. ಹಳೆಯ ಲಿಪಿಕಾರರು ಬಿಟ್ಟುಹೋದದ್ದನ್ನು ಕಂಡರೆ, ಅದನ್ನು ಅಂಚಿನಲ್ಲಿ ಬರೆದು ಪಕ್ಕದಲ್ಲಿ "ಸರಿ" ಎಂದು ಗುರುತು ಹಾಕುತ್ತಿದ್ದರಂತೆ. ಎಲ್ಲಿ ಬಿಟ್ಟಿತ್ತು ಎಂಬುದೂ ಓದುವವರಿಗೆ ಕಾಣಬೇಕಂತೆ. ಆದ್ದರಿಂದ ಮೇಲಿನದನ್ನು ಹಾಗೆಯೇ ಬಿಟ್ಟಿದ್ದೇನೆ. ಇದು ಅಂಚು.

ವತ್ಸಲಾ ಇದಷ್ಟನ್ನೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ಎಂಟು ವರ್ಷದಿಂದ ತಪ್ಪು ಹೇಳುತ್ತಿದ್ದೇನೆ, ಒಂದು ಸಲವಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾಕು ಮಂದಿ ಮುಂದ ನೀವು ಹೇಳೋದು ಬ್ಯಾರೆ," ಎಂದಳು. "ನನ್ನ ಮುಂದ ಕುಂತು ಯಾವಾಗ ಓದೀರಿ?"

ವತ್ಸಲಾ ಕೈ ಒರೆಸಿಕೊಂಡು, ನನ್ನ ಎದುರಿನ ಕುರ್ಚಿ ಎಳೆದು ಕೂತಳು. ನಾನು ಹಾಳೆಗಳನ್ನು ಜೋಡಿಸಿಕೊಂಡು, ಮೊದಲ ಸಾಲಿನಿಂದ ಓದತೊಡಗಿದೆ.